ನಯನಳ ಮೇಲೆ ಬಿದ್ದ ಕಣ್ಣು

ಚೌಳಹಿರಿಯೂರಿನ ಜಯಲಕ್ಷ್ಮಮ್ಮನ ಹತ್ತಿರ ಯಾವ ತಾಪತ್ರಯ ಹೇಳಿಕೊಂಡರೂ ಕಾರಣ ಒಂದೇ. ಹಸು ಹಾಲು ಕಮ್ಮಿ ಕೊಟ್ಟರೆ ದೃಷ್ಟಿ. ತೆಂಗಿನ ಮರದಲ್ಲಿ ಎಳೆಕಾಯಿ ಉದುರಿದರೆ ದೃಷ್ಟಿ. ಮಗ ನಾಗೇಶನ ಮೊಪೆಡ್ ಪಂಚರಾದರೂ ದೃಷ್ಟಿಯೇ. "ಮನುಷ್ಯರ ಕಣ್ಣಿಗೆ ಮರವೇ ಸಿಡಿಯುತ್ತೆ ಕಣೋ, ಇನ್ನು ನಿನ್ ಟೈರು ಯಾವ ಲೆಕ್ಕ?" ಅನ್ನುವುದು ಆಯಮ್ಮನ ವಾದ. ಆ ವಾದವನ್ನು ಗೆದ್ದವರು ಊರಲ್ಲಿ ಇನ್ನೂ ಹುಟ್ಟಿಲ್ಲ.

ಇಂಥ ಜಯಲಕ್ಷ್ಮಮ್ಮನ ಹೊಟ್ಟೆಯೊಳಗೆ ಒಂದು ವರ್ಷದಿಂದ ಒಂದು ಕೊರಗಿತ್ತು. ಯಾರಿಗೂ ಹೇಳಿರಲಿಲ್ಲ. ಮೊಮ್ಮಗಳು ನಯನ ಶಿವಮೊಗ್ಗದ ಕಡೆ ಯೂನಿವರ್ಸಿಟಿಯಲ್ಲಿ ಎಂ.ಕಾಂ. ಓದುತ್ತಾಳೆ. ರಜೆ ಮುಗಿಸಿ ಹೊರಟಾಗಲೆಲ್ಲ ಅಜ್ಜಿ ಬಸ್ ಸ್ಟಾಪಿನ ಅರಳಿಕಟ್ಟೆ ಹತ್ತಿ ನಿಂತು, ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಕೈ ಬೀಸುತ್ತಾಳೆ. ಮೊದಲೆಲ್ಲ ಹುಡುಗಿಯೂ ಅರ್ಧ ಮೈ ಕಿಟಕಿಯಾಚೆ ಹಾಕಿ ಕೈ ಬೀಸುತ್ತಿದ್ದಳು. ಈಗ ಈ ಕಡೆಗೇ ಮುಖ ಮಾಡಿಕೊಂಡು ಬೊಂಬೆಯ ಹಾಗೆ ಕೂತಿರುತ್ತಾಳೆ. ಕೈ ಎತ್ತುವುದಿಲ್ಲ, ನಗುವುದೂ ಇಲ್ಲ. ಓದಿ ದೊಡ್ಡವಳಾದ ಮೇಲೆ ಅಜ್ಜಿ ಬೇಡವಾದಳು ಅಂತ ಮುದುಕಿ ಒಳಗೊಳಗೇ ನೊಂದುಕೊಂಡಿದ್ದಳು.

ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಮುಂಚೆ ಓದಿಕೊಳ್ಳಲೆಂದು ರಜೆ ಕೊಟ್ಟಿದ್ದರು. ಶುಕ್ರವಾರ ಸಂಜೆ ನಯನ ಬರುವವಳಿದ್ದಳು. ಬೀರೂರು ಸ್ಟೇಷನ್ನಿಂದ ಅವಳನ್ನು ಕರೆತರಲು ನಾಗೇಶ ಮೊಪೆಡ್ ತೆಗೆದುಕೊಂಡು ಹೋಗಿದ್ದ. ಸೊಸೆ ತಂಗಿಯ ಬಾಣಂತನಕ್ಕೆಂದು ತರೀಕೆರೆಗೆ ಹೋಗಿದ್ದರಿಂದ ಮನೆಯ ಯಜಮಾನಿಕೆಯೆಲ್ಲ ಅಜ್ಜಿಯದೇ. ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಅರೆದಿಟ್ಟು ಜಗಲಿಯಲ್ಲಿ ಕಾದಿದ್ದಳು.

ಬಂದದ್ದು ಎರಡು ಮೊಪೆಡ್. ಮುಂದಿನದರಲ್ಲಿ ಯಾರೋ ಅಪರಿಚಿತ ಮುದುಕ, ಅವನ ಬೆನ್ನ ಹಿಂದೆ ನಯನ. ಹಿಂದಿನದರಲ್ಲಿ ನಾಗೇಶ ಒಬ್ಬನೇ, ಮುಖ ಊದಿಸಿಕೊಂಡು.

ಮುದುಕ ಗಾಡಿ ನಿಲ್ಲಿಸಿ, ಊರಿಗೆಲ್ಲ ಕೇಳುವ ಹಾಗೆ ಕೂಗಿದ. "ತಗಳಿ ತಾಯಿ, ನಿಮ್ ಮೂಟೆ! ನನ್ ಮೂಟೆ ಬೀರೂರಲ್ಲೇ ಉಳ್ಕಂಡೈತೆ!"

"ಯಾವ ಮೂಟೆ? ಯಾರಪ್ಪ ನೀನು?"

"ಹೊನ್ನಯ್ಯ ಅಂತ ಕಣವ್ವ. ಹಿರೇನಲ್ಲೂರು. ಜೋರಾಗಿ ಮಾತಾಡು, ಕಿವಿ ಮಂದ."

ಆಗಿದ್ದಿಷ್ಟು. ಹೊನ್ನಯ್ಯ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಹಸುವಿಗೆ ಒಂದು ಮೂಟೆ ಹಿಂಡಿ ಕೊಂಡು, "ಹಿಂದಕ್ಕೆ ಏರಿಸಪ್ಪ" ಅಂತ ಅಂಗಡಿಯವನಿಗೆ ಹೇಳಿ ಮೊಪೆಡ್ ಮೇಲೆ ಕೂತಿದ್ದ. ಹೆಗಲ ಮೇಲೆ ಬಿಳಿ ಟವೆಲ್. ರೈಲಿಳಿದು ಬಂದ ನಯನ ಮೊಪೆಡ್ ನೋಡಿದಳು, ಬಿಳಿ ಟವೆಲ್ ನೋಡಿದಳು, ಅಪ್ಪನೇ ಅಂದುಕೊಂಡಳು. "ನಡಿಯಪ್ಪಾ" ಅಂತ ಹಿಂದೆ ಕೂತು ಫೋನ್ ತೆಗೆದಳು. ಹಿಂದೆ ಭಾರ ಬಿದ್ದದ್ದು ಹೊನ್ನಯ್ಯನಿಗೆ ಗೊತ್ತಾಯಿತು. ಹಿಂಡಿ ಬಂತು ಅಂತ ಹೊರಟೇಬಿಟ್ಟ.

"ಕಡೂರ್ ದಾಟಿದ್ಮೇಲೆ ಮೂಟೆ ಜಾರ್ತೈತೇನೋ ಅಂತ ಹಿಂದಕ್ಕೆ ಕೈ ಹಾಕ್ದೆ," ಅಂದ ಹೊನ್ನಯ್ಯ. "ಮೂಟೆ ಕಿರಿಚ್ಕಂತು! ಸೀದಾ ಗದ್ದೆಗೆ ಇಳಿಸ್ತಿದ್ದೆ ಕಣವ್ವ ಗಾಡೀನ!"

ಬೀರೂರಿನಲ್ಲಿ ನಾಗೇಶ ಮಗಳು ಕಾಣದೆ ಪ್ಲಾಟ್‌ಫಾರಂ ತುಂಬ ಓಡಾಡಿ, ಕೊನೆಗೆ ಫೋನ್ ಮಾಡಿದರೆ, "ಅಪ್ಪಾ, ನಾನು ನಿನ್ ಹಿಂದೇನೇ ಕೂತಿದೀನಲ್ಲ" ಅಂದಳಂತೆ. ಅದಾದ ಮೇಲೇ ಮೂಟೆ ಕಿರುಚಿಕೊಂಡದ್ದು. ನಾಗೇಶ ಬೆನ್ನಟ್ಟಿ ಬಂದು ಅವರನ್ನು ಸೇರಿಕೊಳ್ಳುವಷ್ಟರಲ್ಲಿ ಊರೇ ಬಂದುಬಿಟ್ಟಿತ್ತು.

ಹೊನ್ನಯ್ಯನಿಗೆ ರೊಟ್ಟಿ ಕೊಟ್ಟು ಸಮಾಧಾನ ಮಾಡಿ ಕಳಿಸಿದ ಮೇಲೆ ಅಜ್ಜಿ ಮೊಮ್ಮಗಳನ್ನು ದೀಪದ ಕೆಳಗೆ ಕೂರಿಸಿ ಮುಖ ಎತ್ತಿ ನೋಡಿದಳು. ಕಣ್ಣು ಎರಡೂ ಕುಂಕುಮದ ಹಾಗೆ ಕೆಂಪಗಿದ್ದವು.

"ಹೆತ್ತಪ್ಪನ್ನ ಗುರುತು ಹಿಡಿಯಕ್ಕಾಗಲ್ವೇನೇ?"

"ದೂರದ್ದೆಲ್ಲ ಮಂಜು ಮಂಜು ಅಜ್ಜಿ. ಕಣ್ಣೊಳಗೆ ಮರಳು ಹಾಕ್ದಂಗೆ ಉರಿ. ಸಂಜೆ ಆದ್ರೆ ತಲೆನೋವು. ನಮ್ ರೂಮಲ್ಲಿ ಎಲ್ಲರಿಗೂ ಹಿಂಗೇ, ಬಿಡು. ರೂಮ್‌ಮೇಟ್ ಹತ್ರ ಡ್ರಾಪ್ಸ್ ಇದೆ, ಹಾಕ್ಕೋತೀನಿ."

ಜಯಲಕ್ಷ್ಮಮ್ಮನಿಗೆ ಎಲ್ಲ ಗೊತ್ತಾಗಿಹೋಯಿತು. ಹೋದ ಗೌರಿ ಹಬ್ಬದಲ್ಲಿ ಪಕ್ಕದ ಮನೆ ತಿಮ್ಮಕ್ಕ ಬಾಗಿನ ಕೊಡಲು ಬಂದವಳು, ನಯನಳ ಗಲ್ಲ ಹಿಡಿದು, "ಎಂಥಾ ಕಣ್ಣೇ ನಿನ್ ಮೊಮ್ಮಗಳ್ದು! ಹೆಸರಿಟ್ಟೋರು ನೋಡೇ ಇಟ್ಟವ್ರೆ" ಅಂದಿದ್ದಳು. ಅಷ್ಟು ಸಾಕಲ್ಲ!

"ನಾಗೇಶ, ಇದು ತಿಮ್ಮಕ್ಕನ ಕಣ್ಣೇ. ಮೂರು ಅಮಾವಾಸ್ಯೆ ದೃಷ್ಟಿ ತೆಗೀಬೇಕು. ಅಲ್ಲಿಗಂಟ ಇವಳು ಮನೆ ಬಿಟ್ಟು ಕದಲಂಗಿಲ್ಲ. ಹಾಸ್ಟೆಲ್ಲೂ ಬ್ಯಾಡ, ಪರೀಕ್ಷೇನೂ ಬ್ಯಾಡ."

ನಯನ ಹೌಹಾರಿದಳು. "ಅಜ್ಜೀ! ವಾರ ಕಳೆದ್ರೆ ಪರೀಕ್ಷೆ! ಇದು ತಪ್ಪಿದ್ರೆ ಒಂದು ವರ್ಷ ಹೋಯ್ತು!"

"ವರ್ಷ ಹೋದ್ರೆ ಬತ್ತದೆ. ಕಣ್ಣು ಹೋದ್ರೆ ಬತ್ತದಾ?"

ಮಾತು ಸುಳ್ಳಲ್ಲ ನೋಡಿ. ನಾಗೇಶ ಬಾಯಿ ತೆರೆದರೂ ಅವ್ವನ ಮುಂದೆ ಅವನ ಮಾತು ನಡೆದದ್ದು ಅಷ್ಟರಲ್ಲೇ ಇದೆ.

ಅಮಾವಾಸ್ಯೆಗೆ ಕಾಯದೆ ಶನಿವಾರ ಬೆಳಿಗ್ಗೆಯೇ ಒಂದು ಸಲ ದೃಷ್ಟಿ ತೆಗೆಯುವ ಕಾರ್ಯ ನಡೆಯಿತು. ಕಲ್ಲುಪ್ಪು, ಸಾಸಿವೆ, ಹಿಡಿ ತುಂಬ ಒಣಮೆಣಸಿನಕಾಯಿ, ಹಳೇ ಪೊರಕೆಯ ಕಡ್ಡಿ. ನಯನಳನ್ನು ಹೊಸ್ತಿಲ ಮೇಲೆ ಕೂರಿಸಿ ಅಜ್ಜಿ ನಿವಾಳಿಸಿದಳು. "ಬಂದೋರ ಕಣ್ಣು, ಹೋದೋರ ಕಣ್ಣು, ಹೊಟ್ಟೆಕಿಚ್ಚಿನೋರ ಕಣ್ಣು..." ಅಂತ ಮೆಲ್ಲಗೆ ಹೇಳುತ್ತಾ ಬಂದವಳು, ಪಕ್ಕದ ಗೋಡೆಯ ಕಡೆ ತಿರುಗಿ, "ಅಕ್ಕಪಕ್ಕದೋರ ಕಣ್ಣೂ..." ಅಂತ ದನಿ ಏರಿಸಿದಳು.

ಗೋಡೆಯ ಮೇಲೆ ತಿಮ್ಮಕ್ಕನ ತಲೆ ಮೂಡಿತು. "ಅದ್ಯಾರೇ ಅಕ್ಕಪಕ್ಕದೋರು? ಆ ಕಡೆ ಇರೋದು ಹುಣಿಸೆ ಮರ. ಈ ಕಡೆ ಇರೋಳು ನಾನೊಬ್ಬಳೇ!"

"ನಾನೇನು ಹೆಸರು ಹೇಳಿದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ್ರಂತೆ!"

ಅಂದವಳೇ ಅಷ್ಟನ್ನೂ ತಂದು ಕೆಂಡಕ್ಕೆ ಸುರಿದಳು. ಮೆಣಸಿನಕಾಯಿ ಘಾಟು ಬರದಿದ್ದರೆ ದೃಷ್ಟಿ ಆಗಿದೆ ಅಂತ ಲೆಕ್ಕ, ಘಾಟು ಬಂದರೆ ಆಗಿಲ್ಲ ಅಂತ. ಆದರೆ ಆವತ್ತು ಬಂದ ಘಾಟಿಗೆ ನಾಗೇಶ ಕೆಮ್ಮುತ್ತಾ ಬೀದಿಗೆ ಓಡಿದ. ಗೋಡೆಯಾಚೆ ತಿಮ್ಮಕ್ಕ ಸೀನಿದಳು. ಕಟ್ಟಿದ ಹಸು ಹಗ್ಗ ಜಗ್ಗಿತು. ನಯನ ಮಾತ್ರ ಎರಡೂ ಕಣ್ಣು ಮುಚ್ಚಿಕೊಂಡು, "ಅಯ್ಯೋ ಅಜ್ಜೀ, ಕಣ್ಣು ಬಿಡಕ್ಕೇ ಆಗ್ತಿಲ್ಲ!" ಅಂತ ಗೋಳೋ ಅಂದಳು.

ತಿಮ್ಮಕ್ಕನ ಸೊಸೆ ಭವ್ಯ ಕಡೂರಿನ ಆಸ್ಪತ್ರೆಯಲ್ಲಿ ನೇತ್ರಾಧಿಕಾರಿ. ಕಣ್ಣು ಪರೀಕ್ಷೆ ಮಾಡುವುದೇ ಅವಳ ಕೆಲಸ. ಡ್ಯೂಟಿಗೆ ಹೊರಟಿದ್ದವಳು ಓಡಿಬಂದು ನಯನಳ ಕಣ್ಣಿಗೆ ತಣ್ಣೀರು ಹಾಕಿ ತೊಳೆದಳು. "ನಾಗೇಶಣ್ಣ, ಇವತ್ತೇ ಕರ್ಕೊಂಡು ಬನ್ನಿ. ಡಾಕ್ಟ್ರೂ ಇರ್ತಾರೆ. ಇದು ಘಾಟಿಗೆ ಮಾತ್ರ ಆಗಿರೋ ಕೆಂಪಲ್ಲ."

ನಾಗೇಶನಿಗೆ ಅದೆಲ್ಲಿಂದ ಧೈರ್ಯ ಬಂತೋ. "ಅವ್ವ, ನಾನು ಕರ್ಕಂಡು ಹೋಗ್ತೀನಿ," ಅಂದೇಬಿಟ್ಟ. ಮೊಮ್ಮಗಳ ಕಣ್ಣೀರು ನೋಡಿ ಜಯಲಕ್ಷ್ಮಮ್ಮನಿಗೂ ಒಳಗೆ ಅಳುಕು ಹುಟ್ಟಿತ್ತು. ಆದರೆ ಬಿಟ್ಟುಕೊಡುವ ಪೈಕಿ ಅಲ್ಲ. "ನಾನೂ ಬತ್ತೀನಿ. ತಿಮ್ಮಕ್ಕನ ಸೊಸೆ ಏನು ಹೇಳ್ತಾಳೋ ನಾನೂ ಕೇಳ್ಬೇಕು," ಅಂತ ಬಸ್ ಹತ್ತಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು. ಘಾಟಿನಿಂದ ಗಾಯವೇನೂ ಆಗಿಲ್ಲ, ಆದರೆ ಕಣ್ಣು ತುಂಬ ಒಣಗಿದೆ ಅಂದರು. ಆಮೇಲೆ ಭವ್ಯ ನಯನಳನ್ನು ಕೋಣೆಯ ಒಂದು ತುದಿಯಲ್ಲಿ ಕೂರಿಸಿದಳು. ಇನ್ನೊಂದು ತುದಿಯ ಗೋಡೆಯ ಮೇಲೆ ಕನ್ನಡ ಅಕ್ಷರಗಳ ಹಲಗೆ. ಮೇಲೆ ದೊಡ್ಡವು, ಕೆಳಕೆಳಕ್ಕೆ ಸಣ್ಣವು.

"ಓದಮ್ಮ."

ನಯನ ಎರಡು ಸಾಲು ಓದಿದಳು. ಮೂರನೆಯದಕ್ಕೆ ಕಣ್ಣು ಕಿರಿದು ಮಾಡಿದಳು. "ಇದು... ದ?"

"ರ ಕಣೇ, ರ!" ಹಿಂದಿನ ಬೆಂಚಿನಿಂದ ಪಿಸುಮಾತು ಬಂತು.

"ದೊಡ್ಡಮ್ಮ, ನೀವು ಹೇಳ್ಕೊಡಬಾರದು."

"ಪಾಪ, ಮಗಾ ಓದ್ಕಂಡಿಲ್ಲ ಅಂತ ಕಾಣ್ತದೆ. ಮುಂದಿಂದು ತ, ಆಮೇಲೆ ಲ..." ಅಂತ ಅಜ್ಜಿ ಕಟ್ಟಕಡೆಯ ಸಾಲಿನವರೆಗೆ ಗಡಗಡ ಓದಿ ಮುಗಿಸಿಬಿಟ್ಟಳು. ಪೊರೆ ತೆಗೆಸಿಕೊಂಡ ಕಣ್ಣು ಅದು. ಬಾಗಿಲ ಹೊರಗೆ ಸರದಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಎಂ.ಕಾಂ. ಓದುವ ಮೊಮ್ಮಗಳು ಮೂರನೇ ಸಾಲಿಗೆ ಫೇಲು, ಐದನೇ ಕ್ಲಾಸು ಓದಿದ ಅಜ್ಜಿ ಫಸ್ಟ್ ಕ್ಲಾಸು.

ಭವ್ಯ ಯಂತ್ರದಲ್ಲೂ ನೋಡಿ ನಿಟ್ಟುಸಿರಿಟ್ಟಳು. "ದೃಷ್ಟಿ ದೋಷ ಇದೆ ದೊಡ್ಡಮ್ಮ."

ಜಯಲಕ್ಷ್ಮಮ್ಮ ಚಂಗನೆ ಎದ್ದು ನಿಂತಳು. "ಕೇಳಿದ್ಯೇನೋ ನಾಗೇಶ! ನಾನ್ ಹೇಳಿದ್ರೆ ಮೂಢನಂಬಿಕೆ ಅಂತಿದ್ರಿ. ಈಗ ಆಸ್ಪತ್ರೇಲೇ ಹೇಳ್ತಾವ್ರೆ, ದೃಷ್ಟಿ ದೋಷ ಅಂತ! ಭವ್ಯಾ, ಇದನ್ನ ಚೀಟೀಲಿ ಬರ್ದು ಸೀಲ್ ಹಾಕಿ ಕೊಡಮ್ಮ. ಯಾರ ಕಣ್ಣು ಅಂತಾನೂ ಆ ಮಿಷಿನ್ನಲ್ಲಿ ಕಾಣ್ತದಾ?"

ಕೇಳಿದ ಮೇಲೆ, ಎದುರಿಗಿರುವವಳು ತಿಮ್ಮಕ್ಕನ ಸೊಸೆ ಅನ್ನುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಭವ್ಯ ನಗು ತಡೆದುಕೊಂಡಳು. ಬೇಕಿದ್ದರೆ ದೃಷ್ಟಿ ದೋಷ ಅಂದರೆ ದೂರದ್ದು ಮಂಜಾಗಿ ಕಾಣುವುದು ಅಂತ ಅಲ್ಲೇ ವಿವರಿಸಬಹುದಿತ್ತು. ಆದರೆ ಈ ದೊಡ್ಡಮ್ಮನ ಜೊತೆ ವಾದಕ್ಕಿಳಿದವರ ಗತಿ ಅವಳಿಗೆ ಗೊತ್ತಿತ್ತು.

"ಕಾಣ್ತದೆ ದೊಡ್ಡಮ್ಮ. ಯಾರ ಕಣ್ಣು ಅಂತ ನಿಮಗೇ ತೋರಿಸ್ತೀನಿ. ನಯನ, ನಿನ್ ಫೋನ್ ತೆಗೆದು ದಿನಾ ನೋಡೋ ಹಂಗೆ ನೋಡು. ದೊಡ್ಡಮ್ಮ, ನೀವು ಅವಳ ರೆಪ್ಪೆ ನೋಡಿ."

ನಯನ ಫೋನಿನೊಳಗೆ ಮುಳುಗಿದಳು. ಅಜ್ಜಿ ಅವಳ ಮುಖದ ಹತ್ತಿರ ಮುಖ ತಂದು ಕಾದಳು. ಕಾದೇ ಕಾದಳು.

"ಅಯ್ಯೋ ಶಿವನೇ, ಇವಳು ರೆಪ್ಪೇನೇ ಬಡೀತಿಲ್ವಲ್ಲ! ದೇವತೆಗಳು ರೆಪ್ಪೆ ಬಡಿಯಲ್ಲ ಅಂತ ಹರಿಕಥೇಲಿ ಕೇಳಿದ್ದೆ. ಇವಳು ಯಾವಾಗ ದೇವತೆ ಆದ್ಲು?"

"ಅದೇ ತೊಂದ್ರೆ ನೋಡಿ. ರೆಪ್ಪೆ ಬಡಿಯೋದು ಅಂದ್ರೆ ಅಂಗಳಕ್ಕೆ ನೀರು ಚಿಮುಕಿಸಿದ ಹಾಗೆ. ಚಿಮುಕಿಸ್ತಾ ಇದ್ರೆ ಕಣ್ಣು ತಂಪಾಗಿರುತ್ತೆ. ಫೋನ್ ನೋಡ್ವಾಗ ಮನುಷ್ಯ ರೆಪ್ಪೆ ಬಡಿಯೋದನ್ನೇ ಮರೀತಾನೆ. ಒಣಗುತ್ತೆ, ಉರಿಯುತ್ತೆ, ಕೆಂಪಾಗುತ್ತೆ. ಈಗ ನೀವೇ ನ್ಯಾಯ ಹೇಳಿ. ನಮ್ಮತ್ತೆ ಹಬ್ಬದ ದಿನ ಬಂದ್ರು, ಇವಳ ಮುಖ ಒಂದ್ ಸಲ ನೋಡಿದ್ರು, ಎದ್ದು ಹೋದ್ರು. ಇದು?" ಭವ್ಯ ಫೋನ್ ಎತ್ತಿ ಹಿಡಿದಳು. "ಇವಳು ಎದ್ದಾಗಿಂದ ಮಲಗೋವರೆಗೂ, ಗೇಣು ದೂರದಲ್ಲಿ ನಿಂತು, ಇವಳ ಮುಖಾನೇ ನೋಡ್ತಿರುತ್ತೆ. ಯಾರ ಕಣ್ಣು ಜೋರು?"

ಜಯಲಕ್ಷ್ಮಮ್ಮ ಫೋನನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದಳು. ಹಿಂಬದಿಯ ಮೂರು ಕ್ಯಾಮೆರಾ ಅವಳನ್ನೇ ನೋಡುತ್ತಿದ್ದವು.

"ನಾಗೇಶ," ಅಂದಳು ಮೆಲ್ಲಗೆ, "ಇದಕ್ಕೆ ಮೂರು ಕಣ್ಣು ಕಣೋ."

ಭವ್ಯ ನಯನಳನ್ನು ಕೇಳಿದಳು. "ಮಲಗೋವಾಗ?"

"ಲೈಟ್ ಆರಿಸಿ ಸ್ವಲ್ಪ ಹೊತ್ತು ನೋಡ್ತೀನಿ ಅಕ್ಕ. ನೋಟ್ಸೂ ಫೋನಲ್ಲೇ, ಕ್ಲಾಸಿನ ಗ್ರೂಪೂ ಫೋನಲ್ಲೇ. ಓದ್ಲೇಬೇಕಲ್ಲ. ಉರಿ ಜಾಸ್ತಿ ಆದ್ರೆ ರೂಮ್‌ಮೇಟ್ ಡ್ರಾಪ್ಸ್ ಹಾಕ್ಕೋತೀನಿ."

"ಓದೋದು ಬೇಡ ಅಂದೋರ್ಯಾರು? ಕತ್ತಲಲ್ಲಿ ಬೇಡ. ನೋಟ್ಸನ್ನ ಆದಷ್ಟೂ ಪ್ರಿಂಟ್ ಹಾಕ್ಸಿ ಓದು. ಆ ಡ್ರಾಪ್ಸ್ ಬಿಸಾಕು. ಯಾರಿಗೋ ಬರ್ದಿದ್ದನ್ನ ನೀನು ಹಾಕ್ಕೊಂಡ್ರೆ ಕಣ್ಣಿಗೇ ಕುತ್ತು. ಡಾಕ್ಟ್ರು ಬರ್ದಿರೋದನ್ನ ಹಾಕ್ಕೋ. ಇನ್ನು ದೂರದ್ದು ಕಾಣ್ದೇ ಇರೋದಕ್ಕೆ ಕನ್ನಡಕ ಬೇಕು."

"ಕನ್ನಡಕವಾ!" ಅಜ್ಜಿ, ಮೊಮ್ಮಗಳು ಇಬ್ಬರೂ ಒಟ್ಟಿಗೇ ಕೂಗಿದರು. ಆ ದಿನ ಇಬ್ಬರೂ ಒಪ್ಪಿದ ಮಾತು ಅದೊಂದೇ.

"ಮದುವೆ ಆಗ್ಬೇಕಾದ ಹುಡುಗಿ ಕಣೇ ಭವ್ಯಾ!"

"ಒಂದ್ಸಲ ಹಾಕಿದ್ರೆ ನಂಬರ್ ಏರ್ತಾನೇ ಹೋಗುತ್ತಂತೆ ಅಕ್ಕ!"

"ಕನ್ನಡಕ ಹಾಕಿದ್ದಕ್ಕೆ ನಂಬರ್ ಏರಲ್ಲ. ಫೋನೊಂದ್ರಿಂದಲೇ ನಂಬರ್ ಬಂತು ಅಂತಾನೂ ನಾನು ಹೇಳಲ್ಲ, ಮನೆತನದಿಂದ್ಲೂ ಬರುತ್ತೆ. ಆದ್ರೆ ಬಿಸಿಲು, ಬಯಲು ನೋಡದೆ ದಿನವಿಡೀ ಹತ್ತಿರದ್ದನ್ನೇ ನೋಡ್ತಾ ಕೂರೋ ಮಕ್ಕಳಿಗೆ ಹೆಚ್ಚು ಬರುತ್ತೆ. ಮದುವೆ ಅಂದ್ರಲ್ಲ ದೊಡ್ಡಮ್ಮ, ನಿನ್ನೆ ಅಪ್ಪ ಅಂತ ಯಾರ್ದೋ ಗಾಡಿ ಹತ್ತಿದೋಳು, ನಾಳೆ ಮಂಟಪದಲ್ಲಿ ಯಾರಿಗೋ ಹಾರ ಹಾಕಿದ್ರೆ?"

ಹೊರಗಿನ ಸರದಿ ಮತ್ತೆ ನಕ್ಕಿತು. ನಾಗೇಶನೂ ನಕ್ಕ. ಜಯಲಕ್ಷ್ಮಮ್ಮ ಮುಖ ಗಂಟಿಕ್ಕಿಕೊಂಡು, "ನಿಮ್ಮ ಮಾತು ನನಗೆ ಬ್ಯಾಡ" ಅಂತ ಎದ್ದು ವರಾಂಡದ ಆ ತುದಿಗೆ ಹೋಗಿ ನಿಂತಳು.

ಭವ್ಯ ಪರೀಕ್ಷೆಯ ಚೌಕಟ್ಟನ್ನು ನಯನಳ ಮೂಗಿನ ಮೇಲಿಟ್ಟು ಒಂದೊಂದೇ ಗಾಜು ಬದಲಾಯಿಸಿದಳು. ಕೊನೆಗೆ ಒಂದು ಗಾಜಿಗೆ ನಯನ ತಟ್ಟನೆ ನೆಟ್ಟಗೆ ಕೂತಳು. ಕಿಟಕಿಯಾಚೆ ನೋಡಿದಳು. "ಅಕ್ಕಾ, ತೆಂಗಿನ ಗರಿ! ಒಂದೊಂದೂ ಬೇರೆ ಬೇರೆ ಕಾಣ್ತಿದೆ! ನಾನು ಮರ ಅಂದ್ರೆ ಬರೀ ಹಸಿರು ಉಂಡೆ ಅನ್ಕೊಂಡುಬಿಟ್ಟಿದ್ದೆ." ಎದ್ದು ಬಾಗಿಲಿಗೆ ಬಂದು ವರಾಂಡದ ಕಡೆ ತಿರುಗಿದಳು.

ಅಜ್ಜಿ ದೂರದಲ್ಲಿ ನಿಂತಿದ್ದಳು. ಮೊಮ್ಮಗಳು ತನ್ನ ಕಡೆ ತಿರುಗಿದ್ದೇ ತಡ, ರೂಢಿಯ ಕೈ, ತಾನಾಗಿಯೇ ಮೇಲೆದ್ದು ಬೀಸಿತು.

"ಅಜ್ಜೀ, ನೀನು ಕೈ ಬೀಸ್ತಿದೀಯಾ!"

"ಈಗ ಕಂಡ್ಯಾ? ಒಂದು ವರ್ಷದಿಂದ ಅರಳಿಕಟ್ಟೆ ಹತ್ತಿ ಬೀಸ್ತಾನೇ ಇದೀನಿ. ಒಂದು ಸಲನಾದ್ರೂ ತಿರುಗಿ ಬೀಸಿದ್ಯೇನೇ?"

ನಯನಳ ಮುಖ ಸಣ್ಣದಾಯಿತು. "ಕಂಡಿದ್ರೆ ತಾನೇ ಅಜ್ಜಿ. ಕಟ್ಟೆ ಮೇಲೆ ಏನೋ ಬಣ್ಣ ಕಾಣ್ತಿತ್ತು. ನೀನು ಅಲ್ಲೇ ನಿಂತಿರ್ತೀಯ ಅಂತ ಗೊತ್ತು. ಆ ಬಣ್ಣದಲ್ಲಿ ನೀನು ಯಾವ್ದು ಅಂತ ಗೊತ್ತಾಗ್ತಿರ್ಲಿಲ್ಲ."

ಜಯಲಕ್ಷ್ಮಮ್ಮ ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಕೊರಗು ಕಣ್ಣಲ್ಲಿ ಇಳಿದುಹೋಯಿತು. ಹುಡುಗಿಗೆ ಅಜ್ಜಿ ಬೇಡವಾಗಿರಲಿಲ್ಲ, ಕಾಣದಾಗಿದ್ದಳು ಅಷ್ಟೇ! ಸೆರಗಿನಿಂದ ಮೂಗೊರಸಿಕೊಂಡು ಸೀದಾ ಬಂದು, "ನಾಗೇಶ, ಆ ಚೀಟಿ ಇಸ್ಕಳೋ. ಒಳ್ಳೇ ಕನ್ನಡಕಾನೇ ಮಾಡ್ಸು," ಅಂದಳು. "ಪರೀಕ್ಷೆಗೂ ಹೋಗ್ತಾಳೆ."

ಅಲ್ಲಿಂದ ಮೇಲೆ ಆಯಮ್ಮನನ್ನು ಹಿಡಿಯುವವರೇ ಇಲ್ಲ. ಭವ್ಯ ಹೇಳಿದ್ದನ್ನೆಲ್ಲ ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡಳು. ಫೋನು ಕಣ್ಣಿಗೆ ಒಂದು ಮೊಳ ದೂರ ಇರಬೇಕು ಅಂದಾಗ, "ಯಾರ ಮೊಳ? ಹೂವಿನವಳ ಮೊಳ ಗಿಡ್ಡ, ಅದು ನಡಿಯಲ್ಲ" ಅಂತ ತನ್ನ ಮೊಳಕೈಯನ್ನೇ ಅಳತೆಗೆ ಇಟ್ಟಳು. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿಗಿಂತ ದೂರದ್ದನ್ನು, ಇಪ್ಪತ್ತು ಸೆಕೆಂಡಾದರೂ ನೋಡಬೇಕು ಅಂದಾಗ, "ಇಷ್ಟೊಂದು ಇಪ್ಪತ್ತು ಯಾಕೆ? ತೆಂಗಿನ ತುದಿ ನೋಡು ಅಂದ್ರೆ ಆಯ್ತಪ್ಪ" ಅಂದಳು.

ನಯನ ಜಗಲಿಯಲ್ಲಿ ಓದಲು ಕೂತರೆ ಅಡುಗೆಮನೆಯಿಂದ ಆಗಾಗ ಕೂಗು ಬರುತ್ತಿತ್ತು. "ತೆಂಗಿನ್ ತುದೀ!" ನಯನ ತಲೆ ಎತ್ತಿ ಮನೆ ಮುಂದಿನ ಮರದ ತುದಿ ನೋಡುತ್ತಾ, ರೆಪ್ಪೆ ಪಟಪಟ ಬಡಿಯುತ್ತಿದ್ದಳು. ಸಂಜೆ ಅಜ್ಜಿಯ ಜೊತೆ ತೋಟಕ್ಕೆ ಒಂದು ಸುತ್ತು. ದೀಪ ಆರಿಸುವ ಹೊತ್ತಿಗೆ ಫೋನು ಅಡುಗೆಮನೆಯ ನಾಗಂದಿಗೆಯ ಹಲಗೆ ಏರುತ್ತಿತ್ತು. ಒಂದು ದಿನ ನಯನ ಫೋಟೋ ತೆಗೆಯಲು ಹೋದರೆ ಎಲ್ಲ ಕಪ್ಪು. ನೋಡಿದರೆ ಅಜ್ಜಿ ಮೂರು ಕ್ಯಾಮೆರಾಕ್ಕೂ ಕಾಡಿಗೆ ಬೊಟ್ಟಿಟ್ಟಿದ್ದಳು. ಹಳೇ ನಂಬಿಕೆ, ಅಷ್ಟು ಬೇಗ ಬಿಡುತ್ತದೆಯೇ?

ತಿಮ್ಮಕ್ಕನ ಮನೆಗೆ ಒಂದು ಬಟ್ಟಲು ಹುಚ್ಚೆಳ್ಳು ಚಟ್ನಿ ಹೋಯಿತು. ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳುವ ಅಭ್ಯಾಸ ಜಯಲಕ್ಷ್ಮಮ್ಮನಿಗಿಲ್ಲ. ತಿಮ್ಮಕ್ಕ ಫೋನಿನಲ್ಲಿ ಧಾರಾವಾಹಿ ನೋಡುತ್ತಾ ಕಣ್ಣೊರಸಿಕೊಳ್ಳುತ್ತಿದ್ದಳು. "ನೀನು ಅಳ್ತಿರೋದು ಧಾರಾವಾಹಿಗಲ್ಲ ಕಣೇ, ಕಣ್ಣು ಒಣಗೈತೆ. ರೆಪ್ಪೆ ಬಡಿ!" ಅಂತ ಗದರಿದಳು. ಅದೇ ರಾಜಿ.

ಬುಧವಾರ ಕನ್ನಡಕ ಬಂತು. ಶುಕ್ರವಾರ ನಯನ ಹೊರಟಳು. ಅಜ್ಜಿ ಅರಳಿಕಟ್ಟೆ ಹತ್ತಿ ನಿಂತಳು. ಬಸ್ಸು ಹೊರಟರೂ ಕೈ ಎತ್ತಲಿಲ್ಲ. ಬೇಕೆಂದೇ ಎತ್ತಲಿಲ್ಲ. ಈ ಸಲ ಯಾರು ಮೊದಲು ಎತ್ತುತ್ತಾರೆ ನೋಡೇಬಿಡೋಣ ಅಂತ.

ಬಸ್ಸು ತಿರುವಿನ ಹತ್ತಿರ ಹೋಯಿತು. ಕಿಟಕಿಯಿಂದ ಒಂದು ಕೈ ಆಚೆ ಬಂತು. ಅದರಲ್ಲಿ ಫೋನ್ ಇರಲಿಲ್ಲ. ಬೀಸಿತು, ಬೀಸುತ್ತಲೇ ಇತ್ತು. "ಅಜ್ಜೀ, ಮೂಗುತಿ ತಿರುಪು ಸಡಿಲಾಗಿದೆ, ಬಿದ್ದೋಗುತ್ತೆ ನೋಡ್ಕೋ!" ಅಂತ ಕೂಗು ಬಂತು.

ಜಯಲಕ್ಷ್ಮಮ್ಮ ಮೂಗು ಮುಟ್ಟಿ ನೋಡಿಕೊಂಡಳು. ನಿಜವಾಗಿಯೂ ಮೂಗುತಿ ವಾಲಿಕೊಂಡಿತ್ತು. "ನೋಡ್ದೇನೋ ನಾಗೇಶ," ಅಂದಳು ಕಣ್ತುಂಬಿಕೊಂಡು, "ಅಷ್ಟು ದೂರದಿಂದ ಮೂಗುತಿ ಕಾಣ್ತು ಅವಳಿಗೆ!" ತಿರುಪು ಸಡಿಲಾದದ್ದು ಬೆಳಿಗ್ಗೆ ತಬ್ಬಿಕೊಂಡಾಗಲೇ ಹುಡುಗಿ ನೋಡಿದ್ದಳು ಅನ್ನುವುದು ನಾಗೇಶನಿಗೆ ಗೊತ್ತಿತ್ತು. ಅವನು ಹೇಳಲಿಲ್ಲ.

ಕಾಲೇಜು, ಯೂನಿವರ್ಸಿಟಿಯಲ್ಲಿ ಓದುತ್ತಿರುವ ಮಕ್ಕಳೇ, ಅವರ ಅಪ್ಪ ಅಮ್ಮ ಅಜ್ಜಿಯರೇ, ಕಣ್ಣು ಉರಿದರೆ, ತಲೆ ನೋಯುತ್ತಿದ್ದರೆ, ಬಸ್ಸಿನ ಬೋರ್ಡು ಮಂಜಾದರೆ, "ಎಲ್ಲರಿಗೂ ಹಿಂಗೇ" ಅಂತ ಸುಮ್ಮನಿರಬೇಡಿ. ಮೆಣಸಿನಕಾಯಿ ಸಾರಿಗಿರಲಿ, ಕಣ್ಣನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಕನ್ನಡಕ ಬರೆದುಕೊಟ್ಟರೆ ನಾಚಿಕೊಳ್ಳದೆ ಹಾಕಿಕೊಳ್ಳಿ. ಫೋನು ಬಿಡಿ ಅಂತ ಯಾರೂ ಹೇಳುವುದಿಲ್ಲ, ಒಂದು ಮೊಳ ದೂರ ಇಡಿ. ಹೂವಿನವಳ ಮೊಳವಲ್ಲ, ನಿಮ್ಮದೇ ಮೊಳ.

ಇದನ್ನು ಈಗ ನೀವು ಫೋನಿನಲ್ಲೇ ಓದುತ್ತಿದ್ದೀರಾ? ಹಾಗಾದರೆ ಕೆಳಗಿಡಿ. ನಾಲ್ಕು ಸಲ ರೆಪ್ಪೆ ಬಡಿಯಿರಿ. ಬಾಗಿಲಿಗೆ ಬಂದು ತೆಂಗಿನ ತುದಿ ನೋಡಿ. ಹಾಗೇ ರಸ್ತೆಯ ಕಡೆಗೂ ಒಮ್ಮೆ ನೋಡಿ. ನಿಮ್ಮವರು ಯಾರೋ ಆಗಿನಿಂದ ಕೈ ಬೀಸುತ್ತಿರಬಹುದು.